ಪುಟ್ಟಿಯ ಒಂದನೇ ಕ್ಲಾಸು: ತಂಗಿಗೊಂದು ಕಾಗದ

ತಾಂಪೆರೆ, ಫಿನ್ಲೆಂಡ್
ಏಪ್ರಿಲ್ 19

ಪ್ರೀತಿಯ ತಂಗಿಗೆ,

ಆಶೀರ್ವಾದ. ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು. ಜೂನ್‌ನಲ್ಲಿ ನಿನ್ನ ಮಗಳು ಪುಟ್ಟಿಯನ್ನು ಕಾಸರಗೋಡಿನ ನಮ್ಮೂರ ಶಾಲೆಯ ಕನ್ನಡ ಡಿವಿಷನ್‌ಗೆ ಸೇರಿಸುವುದಾ, ಬಸ್ಸು ಹತ್ತಿಸಿ ಇಂಗ್ಲಿಷ್ ಮೀಡಿಯಂಗೆ ಕಳಿಸುವುದಾ ಎಂದು ಕೇಳಿದ್ದಿ. ಕನ್ನಡಕ್ಕೆ ಹಾಕಿದರೆ ಮಲಯಾಳದ ಮಕ್ಕಳ ಜೊತೆ ಬೆರೆಯದೆ ಮೂಲೆ ಸೇರಿಯಾಳು ಎಂದು ಭಾವನಿಗೆ ಹೆದರಿಕೆ ಅಂತಲೂ ಬರೆದಿದ್ದಿ. ಅವು ಎರಡು ಬೇರೆ ಬೇರೆ ಪ್ರಶ್ನೆ ಮಾರಾಯ್ತಿ. ಯಾವ ಭಾಷೆಯಲ್ಲಿ ಓದು ಕಲಿಯುವುದು ಎಂಬುದು ಒಂದು, ಯಾರ ಜೊತೆ ಆಡಿ ಬೆಳೆಯುವುದು ಎಂಬುದು ಇನ್ನೊಂದು.

ಹೊರದೇಶದಿಂದ ಬಂದ, ಫಿನ್ನಿಷ್ ಬಾರದ ಮಕ್ಕಳಿಗೆ ಇಲ್ಲಿ ಸುಮಾರು ಒಂದು ವರ್ಷದ ತಯಾರಿ ಕ್ಲಾಸು ಇದೆ. 6ರಿಂದ 10 ವರ್ಷದವರಿಗೆ 900 ಗಂಟೆ, ಅದಕ್ಕಿಂತ ದೊಡ್ಡವರಿಗೆ 1,000 ಗಂಟೆ. ಹಾಗಂತ ವರ್ಷವಿಡೀ ಬೇರೆ ಕೋಣೆಯಲ್ಲಿ ಕೂರಿಸುವುದಿಲ್ಲ. ಆಟ, ಸಂಗೀತ, ಚಿತ್ರ, ಕೈಕೆಲಸ, ಇವಕ್ಕೆ ಮೊದಲು ತಮ್ಮ ಪ್ರಾಯದ ಮಕ್ಕಳ ಕ್ಲಾಸಿಗೆ ಹೋಗುತ್ತಾರೆ. ಭಾಷೆ ಜಾಸ್ತಿ ಬೇಡುವ ಪಾಠಗಳು ಆಮೇಲೆ. ಹಲಗೆಗೆ ಮೊಳೆ ಹೊಡೆಯುವಾಗ ‘ಹಿಡಿ’, ‘ಬಿಡು’, ‘ನಂಗೆ ಕೊಡು’ ಎಂಬುದಕ್ಕೆ ವ್ಯಾಕರಣ ಯಾಕೆ? ಮಧ್ಯಾಹ್ನ ಎಲ್ಲರಿಗೂ ಒಂದೇ ಹಾಲ್‌ನಲ್ಲಿ ಪುಕ್ಕಟೆ ಊಟ. 1948ರಿಂದಲೂ ಹಾಗೆಯೇ.

ಎಡವುವುದು ಎಲ್ಲಿ ಗೊತ್ತಾ? ಅಂಗಳದಲ್ಲಿ ಪಟಪಟ ಮಾತಾಡುವ ಮಗುವಿಗೆ ಪಾಠವೂ ಅರ್ಥವಾಗುತ್ತದೆ ಎಂದು ದೊಡ್ಡವರು ತಿಳಿದುಕೊಳ್ಳುವುದರಲ್ಲಿ. ಆಟದ ಭಾಷೆ ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು ಎಂದು ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮ್ಮಿನ್ಸ್ ತೋರಿಸಿ ನಲವತ್ತು ವರ್ಷದ ಮೇಲಾಯಿತು. ಈ ಲೆಕ್ಕ ನೋಡು: ‘24 ಅಡಿಕೆಯನ್ನು 4 ಮಂದಿಗೆ ಸಮನಾಗಿ ಹಂಚಿದರೆ ತಲಾ ಎಷ್ಟು?’ ಅಂಗಳದಲ್ಲಿ ಅಡಿಕೆ ಹೆಕ್ಕುವ ಮಗುವಿಗೆ ಪಾಲು ಮಾಡುವುದು ಕಷ್ಟವಲ್ಲ, ಅದು ನಿಲ್ಲುವುದು ‘ತಲಾ’ ಎಂಬಲ್ಲಿ. ಮನೆಯಲ್ಲಿ ತುಳು ಆಡುವ ಪುಟ್ಟಿ ಆ ಶಬ್ದ ಕೇಳಿಯೇ ಇಲ್ಲ. ಮಲಯಾಳದ ‘ವೀತಂ’ ಬಂದರೆ ಇನ್ನೂ ದೂರ, ಇಂಗ್ಲಿಷಿನ ‘ಈಚ್’ ಕೇಳುವುದೇ ಬೇಡ. ಕನ್ನಡದ ಜೊತೆ ತುಳುವೂ ಬಲ್ಲ ಟೀಚರಾದರೆ ತುಳುವಿನಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತಾರೆ. ಇಬ್ಬರಿಗೂ ಗೊತ್ತಿರುವ ಒಂದು ಭಾಷೆಯೇ ಇಲ್ಲದಿದ್ದರೆ ಮಗು ‘ಲೆಕ್ಕದಲ್ಲಿ ಹಿಂದೆ’ ಎಂಬ ಹೆಸರು ಹೊತ್ತುಕೊಳ್ಳುತ್ತದೆ. ಸೀಟು ಸಿಕ್ಕಿತು, ಕಲಿಕೆ ಸಿಗಲಿಲ್ಲ.

ಈ ದೇಶದಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಸುಮಾರು ಐದು ಮಂದಿ. ಒಂದು ಊರಿನಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇಕಡಾ 8 ಅಥವಾ 3,000 ಜನ ಇದ್ದರೆ ಆ ಊರಾಡಳಿತ ಎರಡು ಭಾಷೆಯದ್ದು. ಶಾಲೆ ಯಾವ ಭಾಷೆಯದೋ ಆ ಭಾಷೆಯಲ್ಲಿ ಪೂರ್ತಿ ಹಿಡಿತ ಇರುವುದು ಮೇಷ್ಟ್ರ ಅರ್ಹತೆಯಲ್ಲೇ ಸೇರಿದೆ. ನಮ್ಮಲ್ಲಿ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸೌಕರ್ಯ ಕೊಡಲು ಪ್ರಯತ್ನಿಸಬೇಕು ಎನ್ನುತ್ತದೆ. ‘ಪ್ರಯತ್ನ’ ಎಂಬ ಶಬ್ದದಲ್ಲಿ ಎಷ್ಟು ಸಂದು ಇದೆ ಎಂದು ಕಾಸರಗೋಡಿನವರಿಗೆ ಬೇರೆ ಹೇಳಬೇಕಾ. ಕನ್ನಡ ಬಾರದ ಟೀಚರನ್ನು ಕನ್ನಡ ಕ್ಲಾಸಿಗೆ ಹಾಕಿದ್ದಕ್ಕೆ ಹೆತ್ತವರು ಬೀದಿಗಿಳಿದದ್ದು ನಮ್ಮ ಜಿಲ್ಲೆಗೆ ಹೊಸತಲ್ಲ.

ಹಾಗಾಗಿ ಮೇ ತಿಂಗಳಲ್ಲೇ ಹೋಗಿ ಹೆಡ್ಮಾಷ್ಟ್ರಲ್ಲಿ ಕೇಳು: ಒಂದನೇ ಕ್ಲಾಸಿನ ಟೀಚರು ಖಾಯಮ್ಮಾ, ದಿನಗೂಲಿಯವರಾ? ಕನ್ನಡ ಓದಿ ಬಂದವರಾ? ತುಳು ಅರ್ಥವಾಗುತ್ತದಾ? ಸೇರಿಸುವುದಾದರೆ ಶಾಲೆ ತೆರೆದ ಮೊದಲ ದಿನವೇ ಸೇರಿಸು. ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ, ಆ ವರ್ಷದ ಹುದ್ದೆ ನಿಲ್ಲುವುದು ಆ ಲೆಕ್ಕದ ಮೇಲೆ. ಬೇರೆ ಕಡೆ ನೋಡಿ ಸರಿಯಾಗದೆ ಜುಲೈಯಲ್ಲಿ ಬಂದ ಮಗು ಬೆಂಚಿನಲ್ಲಿ ಕೂರುತ್ತದೆ, ಲೆಕ್ಕದಲ್ಲಿ ಕೂರುವುದಿಲ್ಲ. ನಾಲ್ಕು ಮನೆಯವರು ಹೀಗೆ ಕಾದು ಕೂತರೆ ಡಿವಿಷನ್ ಬೀಳುತ್ತದೆ, ಟೀಚರು ಬೇರೆ ಶಾಲೆಗೆ ಹೋಗುತ್ತಾರೆ, ಅದನ್ನು ನೋಡಿ ಮತ್ತಷ್ಟು ಮಂದಿ ಬಸ್ಸು ಹತ್ತಿಸುತ್ತಾರೆ. ಪುಟ್ಟಿಯ ಮಾಧ್ಯಮ ಕನ್ನಡ ಎಂದು ಶಾಲಾ ಮಕ್ಕಳ ವಿವರ ಇಡುವ ಸರಕಾರಿ ಕಂಪ್ಯೂಟರ್ ವ್ಯವಸ್ಥೆ ‘ಸಂಪೂರ್ಣ’ದಲ್ಲಿ ದಾಖಲಾಗಿದೆಯಾ ಎಂದೂ ವಿಚಾರಿಸು. ಟೀಚರಿಲ್ಲದಿದ್ದರೆ ಬಾಯಲ್ಲಿ ಹೇಳಿ ಬರಬೇಡ; ಯಾವ ತಾರೀಕಿನಿಂದ ಪಾಠ ಆಗಿಲ್ಲ, ಕ್ಲಾಸಿನಲ್ಲಿ ಎಷ್ಟು ಮಕ್ಕಳು ಎಂದು ಬರೆದು, ಹತ್ತು ಹೆತ್ತವರ ಸಹಿ ಹಾಕಿಸಿ, ಎಇಒ (ಉಪಜಿಲ್ಲಾ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಟ್ಟು ರಶೀದಿ ತಾ. ಒಂದು ಪ್ರತಿ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಇ) ಹೋಗಲಿ.

ಭಾವನ ಹೆದರಿಕೆ ಸುಳ್ಳೇನಲ್ಲ. ಎರಡು ಡಿವಿಷನ್ ಇರುವ ಶಾಲೆಯಲ್ಲಿ ಅಸೆಂಬ್ಲಿಗೂ ಊಟಕ್ಕೂ ಮಾಧ್ಯಮ ನೋಡಿ ಸಾಲು ಮಾಡಿದರೆ ಮಕ್ಕಳು ನಾಲ್ಕು ವರ್ಷ ಒಂದೇ ಗೇಟಿನಲ್ಲಿ ಹೊಕ್ಕು ಪರಸ್ಪರ ಹೆಸರು ತಿಳಿಯದೆ ಹೊರಬೀಳುತ್ತಾರೆ. ಹೆತ್ತವರ-ಟೀಚರುಗಳ ಸಂಘದ (ಪಿಟಿಎ) ಮೀಟಿಂಗಿನಲ್ಲಿ ಇದನ್ನು ಎತ್ತು. ಮಧ್ಯಾಹ್ನದ ಊಟಕ್ಕೆ ಕ್ಲಾಸುವಾರು ಕೂರಿಸಲಿ, ಆಟ ಮತ್ತು ಚಿತ್ರದ ಪೀರಿಯಡ್ ಎರಡೂ ಡಿವಿಷನ್‌ಗೆ ಒಟ್ಟಿಗೆ ಬರುವಂತೆ ಟೈಮ್‌ಟೇಬಲ್ ಹೊಂದಿಸಲಿ. ಇದಕ್ಕೆ ಬಿಡಿಗಾಸು ಖರ್ಚಿಲ್ಲ. ದೊಡ್ಡ ಮಕ್ಕಳ ಕಲೋತ್ಸವದಲ್ಲಿ ಯಕ್ಷಗಾನ ಇದೆಯಲ್ಲ, ಆ ತಂಡಕ್ಕೆ ಮಲಯಾಳದ ಮಕ್ಕಳನ್ನೂ ಕರೆಯಲಿ. ಹೆಜ್ಜೆಗೆ ಮಾಧ್ಯಮ ಇಲ್ಲ.

ಇಲ್ಲಿಯದೆಲ್ಲ ಚಿನ್ನ ಅಂತ ತಿಳಿಯಬೇಡ. ಫೀಸಿಲ್ಲ, ಹತ್ತಿರದ ಶಾಲೆಗೇ ಹೋಗುವುದು, ಎಲ್ಲ ಸರಿ. ಆದರೆ ದೊಡ್ಡ ಊರುಗಳಲ್ಲಿ ಸಂಗೀತದ್ದು, ಭಾಷೆಯದ್ದು ಎಂದು ಪರೀಕ್ಷೆ ಇಟ್ಟು ಆರಿಸುವ ವಿಶೇಷ ಕ್ಲಾಸುಗಳಿವೆ. ಓದಿದ, ಅನುಕೂಲಸ್ಥ ಹೆತ್ತವರು ಮಕ್ಕಳನ್ನು ಅಲ್ಲಿ ಸೇರಿಸಿ, ಅದೇ ಕಟ್ಟಡದೊಳಗೆ ಬೇರೆ ಶಾಲೆ ಮಾಡಿಕೊಳ್ಳುತ್ತಾರೆ. ಊರಿನ ಶಾಲೆಯಲ್ಲಿ ಹೊಸತಾಗಿ ಇಂಗ್ಲಿಷ್ ಡಿವಿಷನ್ ಎಬ್ಬಿಸಿದಾಗ ಮೊದಲು ಯಾರ ಮಕ್ಕಳು ಅತ್ತ ಸರಿಯುತ್ತಾರೆ ಎಂದು ಗಮನಿಸಿದ್ದೀಯಲ್ಲ, ಇದೂ ಹಾಗೆಯೇ.

ಹೆಡ್ಮಾಷ್ಟ್ರು ಎಂತ ಹೇಳಿದರು ಎಂದು ಬರೆ. ಅರ್ಜಿ ಬರೆಯಬೇಕಾಗಿ ಬಂದರೆ ಕರಡು ನನಗೆ ಕಳಿಸು, ತಿದ್ದಿಕೊಡುತ್ತೇನೆ.

ನಿನ್ನ
ಅಣ್ಣ