ವಾಕ್ ಚಿಕಿತ್ಸೆ ಕಲಿಯುವವರು ಜಿಲ್ಲಾ ಆಸ್ಪತ್ರೆಗೂ ಬರಲಿ

ಮಾನ್ಯ ಸಂಪಾದಕರೇ,

ಪಾರ್ಶ್ವವಾಯು ಬಡಿದರೆ ಮಾತು ಬಿದ್ದುಹೋಗಬಹುದು ಎಂಬುದು ಎಲ್ಲರಿಗೂ ಗೊತ್ತು. ನುಂಗುವ ಶಕ್ತಿಯೂ ಕುಂದಿ, ಕುಡಿದ ನೀರು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗಬಹುದೆಂಬುದು ಎಷ್ಟೋ ಮನೆಗಳಿಗೆ ತಿಳಿದಿರುವುದಿಲ್ಲ. ಇವೆರಡನ್ನೂ ನೋಡುವವರು ವಾಕ್-ಭಾಷಾ ತಜ್ಞರು.

ನಮ್ಮ ಕಾಕಾ ಮೂಗಿನ ನಳಿಕೆಯಲ್ಲೇ ಆಹಾರ ತೆಗೆದುಕೊಳ್ಳುತ್ತಿದ್ದಾಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ ಅವರನ್ನು ನೆಟ್ಟಗೆ ಕೂರಿಸಿ, ಅರ್ಧ ಚಮಚ ಗಟ್ಟಿ ಗಂಜಿ ಕೊಟ್ಟು, ಕತ್ತಿನ ಮೇಲೆ ಬೆರಳಿಟ್ಟು ಗಂಟಲ ಗಂಟು ಮೇಲೇಳುತ್ತದೆಯೇ ಎಂದು ನೋಡಿದರು. ಆಮೇಲೆ ‘ಆ’ ಎನ್ನಿಸಿ, ದನಿ ಗೊರಗೊರ ಎನ್ನುತ್ತದೆಯೇ ಎಂದು ಕಿವಿಗೊಟ್ಟರು. ಮೇಲ್ವಿಚಾರಕಿ ಪಕ್ಕದಲ್ಲೇ ನಿಂತು ತಿದ್ದುತ್ತಿದ್ದರು. ಇಂಥ ಪಳಗಿಕೆ ಪುಸ್ತಕದಿಂದ ಬರುವಂಥದ್ದಲ್ಲ.

ಪದವಿಯಲ್ಲಿ ಶ್ರವಣ, ವಾಕ್ ಎರಡನ್ನೂ ನಾಲ್ಕು ವರ್ಷ ಓದಿದವರು ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣದಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು ಕನ್ನಡ ನಾಡಿನ ಭಾಗ್ಯ. ಅಕ್ಕಿಹೆಬ್ಬಾಳು, ಹುಲ್ಲಹಳ್ಳಿಯಂಥ ಊರುಗಳಲ್ಲೂ ಅದು ಸೇವಾ ಕೇಂದ್ರ ನಡೆಸಿದೆ. ಆದರೆ ಅವೂ ಮೈಸೂರಿನ ಆಸುಪಾಸಿನವೇ. ಬೆಂಗಳೂರು, ಮಂಗಳೂರು, ಮಣಿಪಾಲ, ಧಾರವಾಡ ಬಿಟ್ಟು ರಾಯಚೂರಿನ ಕಡೆ ಬಂದರೆ ಈ ವಿದ್ಯೆ ಕಲಿಯುವವರ ಮುಖವೇ ಕಾಣದು.

ವಾಕ್ ಚಿಕಿತ್ಸೆ ಒಂದು ಸಲ ಮಾಡಿಸಿಕೊಂಡು ಬರುವ ಶಸ್ತ್ರಚಿಕಿತ್ಸೆಯಲ್ಲ. ವಾರಕ್ಕೆರಡು ಮೂರು ಸಲದಂತೆ ತಿಂಗಳುಗಟ್ಟಲೆ ನಡೆಯಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿಬರುವ ಕೂಲಿಕಾರ ಕುಟುಂಬಕ್ಕೆ ಅದು ಸಾಧ್ಯವೇ? ನಾವೇ ನಾಲ್ಕು ತಿಂಗಳಿಗೆ ಕೈಚೆಲ್ಲಿದೆವು. ಕಾಕಾ ಈಗ ಊಟ ಮಾಡುತ್ತಾರೆ, ಆದರೆ ಮಾತು ಅರ್ಧಕ್ಕೇ ನಿಂತಿದೆ. ಮಾತು ತಡವಾದ ಮಕ್ಕಳ ವಿಷಯದಲ್ಲಂತೂ ಹೀಗೆ ಕಳೆದ ತಿಂಗಳುಗಳು ಇನ್ನೂ ದುಬಾರಿ.

ಎಂ.ಎಸ್ಸಿ.ಯ ಒಂದು ಸೆಮಿಸ್ಟರ್ ಅನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕಡ್ಡಾಯಗೊಳಿಸಬೇಕು. ಮೈಸೂರಿನ ಮಾತಿಗೆ ಒಗ್ಗಿದ ಕಿವಿ ನಮ್ಮ ಸೀಮೆಯ ಕನ್ನಡಕ್ಕೂ ಉರ್ದು, ತೆಲುಗಿಗೂ ಆಗ ಒಗ್ಗೀತು. ಮೇಲ್ವಿಚಾರಣೆ ಯಾರು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅನುಭವಿಗಳಿಲ್ಲದ ಕಡೆ ವಿದ್ಯಾರ್ಥಿಗಳನ್ನು ಒಂಟಿಯಾಗಿ ಬಿಟ್ಟರೆ ರೋಗಿಗೂ ಅಪಾಯ. ಆದ್ದರಿಂದ ರಾಜ್ಯ ಸರ್ಕಾರ ಮೊದಲು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಒಬ್ಬ ವಾಕ್-ಭಾಷಾ ತಜ್ಞರ ಕಾಯಂ ಹುದ್ದೆ ಸೃಷ್ಟಿಸಲಿ. ಮಾತು ಮತ್ತು ಭಾಷೆಯ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವೆಂದೇ ಒಪ್ಪಿದೆ. ಆರೋಗ್ಯ ಸಚಿವರು ಬರುವ ಬಜೆಟ್‌ನಲ್ಲಿ ಇದಕ್ಕೆ ಹಣ ತೆಗೆದಿರಿಸಬೇಕೆಂದು ಕೋರುತ್ತೇನೆ.

— ಒಬ್ಬ ಓದುಗ, ಸಿಂಧನೂರು