ಎರಡು ಅಂಶದ ‘ಮುನ್ನಡೆ’

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಹುರಿಯಾಳು ಆರಿಸುವ ಕಾಲ ಬಂತೆಂದರೆ ನಮ್ಮ ಪತ್ರಿಕೆಗಳ ವಿದೇಶ ಪುಟದಲ್ಲಿ ‘ಸಮೀಕ್ಷೆ: ಇಂಥವರಿಗೆ ಮುನ್ನಡೆ’ ಎಂಬ ತಲೆಬರಹ ವಾರಕ್ಕೊಂದು ಬರುತ್ತದೆ. ಒಳಗೆ ನೋಡಿದರೆ ಶೇ 47, ಶೇ 45. ಎಷ್ಟು ಜನರನ್ನು ಕೇಳಿದರು, ಯಾರನ್ನು, ಯಾವತ್ತು ಎಂಬುದು ಇರುವುದಿಲ್ಲ. ಇಷ್ಟನ್ನೇ ಹಿಡಿದುಕೊಂಡು ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಜಗಳ.

600 ಮಂದಿಯನ್ನು ಕೇಳಿದ ಸಮೀಕ್ಷೆಯಲ್ಲಿ ಒಬ್ಬರ ಅಂಕಿ 4 ಅಂಶ (ನೂರಕ್ಕೆ 4) ಆಚೀಚೆ ಆಗುವುದು ಸಹಜ. ಇಬ್ಬರ ನಡುವಿನ ಅಂತರಕ್ಕೆ ಅದು ಹತ್ತಿರಹತ್ತಿರ ದುಪ್ಪಟ್ಟು, ಸುಮಾರು 7.7. ಅಂದರೆ 2 ಅಂಶ ಮುಂದಿದ್ದಾರೆ ಎಂದವರು ನಿಜದಲ್ಲಿ 10 ಅಂಶ ಮುಂದಿರಬಹುದು, 6 ಅಂಶ ಹಿಂದೆಯೂ ಇರಬಹುದು. ಈ ತಪ್ಪನ್ನು ಅರ್ಧಕ್ಕಿಳಿಸಲು 1,200 ಮಂದಿ ಸಾಲದು, 2,400 ಬೇಕು. ಅದೇ 600ರಲ್ಲಿ 100 ಮಂದಿಯನ್ನು ಬಿಡಿಸಿ ‘ಯುವಜನರ ಒಲವು’ ಎಂದು ಬರೆದರೆ ಅಲ್ಲಿ 10 ಅಂಶ ಆಚೀಚೆ!

ಇದು ಲೆಕ್ಕಕ್ಕೆ ಸಿಗುವ ತಪ್ಪು. ಸಿಗದ್ದೇ ಹೆಚ್ಚು ಕಾಡುವುದು. ಸಂಡೂರು ಕಡೆ ಅದಿರಿನ ಸ್ಯಾಂಪಲ್ ತೆಗೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರಾಶಿ ಸುರಿದಾಗ ದಪ್ಪ ಗಟ್ಟಿಗಳು ಉರುಳಿ ಅಂಚಿಗೆ ಹೋಗುತ್ತವೆ, ಪುಡಿ ನಡುವೆ ನಿಲ್ಲುತ್ತದೆ. ಅಂಚಿನಿಂದಲೇ ನೂರು ಸಲಿಕೆ ಎತ್ತಿದರೂ ರಾಶಿಯ ಗ್ರೇಡ್ ಗೊತ್ತಾಗದು. ಸಮೀಕ್ಷೆಯ ಪಾಡೂ ಇದೇ. ಪ್ರೈಮರಿಯಲ್ಲಿ, ಅಂದರೆ ಪಕ್ಷದ ಹುರಿಯಾಳನ್ನು ಆರಿಸುವ ರಾಜ್ಯವಾರು ಮತದಾನದಲ್ಲಿ, ಯಾರು ಮತ ಹಾಕಲು ಬರುತ್ತಾರೆ ಎಂಬುದನ್ನೇ ಊಹಿಸಬೇಕು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯಾವ ಪಕ್ಷಕ್ಕೂ ಹೆಸರು ಬರೆಸದವರು ಆ ದಿನ ಎರಡರಲ್ಲಿ ಯಾವ ಪಕ್ಷದ ಮತಪತ್ರವನ್ನಾದರೂ ಕೇಳಿ ಪಡೆಯಬಹುದು. 2008ರಲ್ಲಿ ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಗೆ ಸಮೀಕ್ಷೆಗಳು ಒಬಾಮ ಎಂದವು. ಗೆದ್ದದ್ದು ಹಿಲರಿ ಕ್ಲಿಂಟನ್, 39–36. 2016ರ ಮಿಷಿಗನ್‌ನಲ್ಲಿ ಹಿಲರಿಗೆ ಸುಮಾರು 20 ಅಂಶದ ಮುನ್ನಡೆ ಎಂದಿದ್ದರು. ಅದೇ ಪಕ್ಷದ ಎದುರಾಳಿ ಬರ್ನಿ ಸ್ಯಾಂಡರ್ಸ್ ಒಂದೂವರೆ ಅಂಶದಿಂದ ಗೆದ್ದರು.

ಕಣದಲ್ಲಿರುವವರೆಲ್ಲ ಒಂದೇ ಪಕ್ಷದವರಾದ್ದರಿಂದ ಮತದಾರರಿಗೆ ಮನಸ್ಸು ಬದಲಿಸುವುದು ಸಲೀಸು. ಪೈಪೋಟಿ ಬಿಗಿ ಎಂಬ ಸುದ್ದಿಯೇ ಮತವನ್ನು ಕದಲಿಸುತ್ತದೆ. ಮೂರನೆಯವರ ಬೆಂಬಲಿಗರು ‘ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ ಗೆಲ್ಲಬಲ್ಲವರು ಯಾರು’ ಎಂದು ಕೊನೇ ಎರಡು ದಿನದಲ್ಲಿ ಸರಿಯಬಹುದು. ವಾರದ ಹಿಂದಿನ ಸಮೀಕ್ಷೆಯಲ್ಲಿ ಅವರ ಲೆಕ್ಕ ಇರುವುದಿಲ್ಲ.

ಮಾಡುವವರ ಎಚ್ಚರವನ್ನೂ ನೋಡಿ. 2020ರ ಅಯೋವಾದಲ್ಲಿ ಡೆಸ್ ಮಾಯ್ನ್ ರಿಜಿಸ್ಟರ್ ಪತ್ರಿಕೆಯ ಕೊನೆಯ ಸಮೀಕ್ಷೆಗೆ ಫೋನ್ ಮಾಡುತ್ತಿದ್ದ ಒಬ್ಬರು ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡಿದ್ದರಿಂದ ಪಟ್ಟಿಯ ತುದಿ ಕತ್ತರಿಸಿತು. ಕಣದಲ್ಲಿದ್ದ ಪೀಟ್ ಬುಟಿಜೆಜ್ ಹೆಸರು ಓದದೇ ಹೋಯಿತು. ಎಷ್ಟು ಕರೆಗಳಲ್ಲಿ ಹೀಗಾಯಿತೆಂದು ಖಚಿತವಾಗದ ಕಾರಣ ಇಡೀ ಫಲಿತಾಂಶವನ್ನೇ ಪ್ರಕಟಿಸಲಿಲ್ಲ.

ಇನ್ನು ರಾಷ್ಟ್ರಮಟ್ಟದ ಅಂಕಿ. ರಾಷ್ಟ್ರಮಟ್ಟದ ಪ್ರೈಮರಿ ಎಂಬುದೇ ಇಲ್ಲ! ಹುರಿಯಾಳನ್ನು ಆರಿಸುವ ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳ ರಾಜ್ಯವಾರು ಎಣಿಕೆ ಮಾತ್ರ. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ 15 ದಾಟಿದವರಿಗೆ ಮತದ ಪ್ರಮಾಣದಲ್ಲಿ ಹಂಚಿಕೆ. ಇಬ್ಬರೇ ಇದ್ದಾಗ 4 ಪ್ರತಿನಿಧಿಗಳ ಕ್ಷೇತ್ರದಲ್ಲಿ ಶೇ 60 ಮತ ಬಂದರೂ 2–2. 3–1 ಆಗಲು ಶೇ 62.5 ದಾಟಬೇಕು. 5 ಇದ್ದಲ್ಲಿ ಶೇ 51ಕ್ಕೇ 3–2. ಹೀಗಾಗಿಯೇ 2008ರ ನೆವಾಡಾದಲ್ಲಿ ಹಿಲರಿ ಮುಂದಿದ್ದರೂ ಪ್ರತಿನಿಧಿಗಳು ಒಬಾಮಗೆ 13, ಹಿಲರಿಗೆ 12. ರಿಪಬ್ಲಿಕನ್ನರಲ್ಲಿ ಕೆಲವೆಡೆ ಗೆದ್ದವರಿಗೇ ಪೂರ್ತಿ: 2016ರಲ್ಲಿ ಫ್ಲಾರಿಡಾದ ಎಲ್ಲ 99 ಟ್ರಂಪ್‌ಗೆ.

ಅಂದಹಾಗೆ, ಇದನ್ನು ‘ಪಕ್ಷದ ಅಧ್ಯಕ್ಷರ ಚುನಾವಣೆ’ ಎಂದು ಬರೆಯುವುದನ್ನೂ ನಿಲ್ಲಿಸಿ. ಅಂಥದ್ದಕ್ಕೆ, ಅಂದರೆ ಕಾಂಗ್ರೆಸ್ ಅಧ್ಯಕ್ಷರ ಆಯ್ಕೆಗೆ, ಮತಗಟ್ಟೆ ಇಟ್ಟದ್ದು 2022ರ ಅಕ್ಟೋಬರ್ 17ರಂದು, ಇಲ್ಲೇ ಸಂಗನಕಲ್ಲಿನ ಭಾರತ್ ಜೋಡೊ ಶಿಬಿರದಲ್ಲಿ.

ಸಮೀಕ್ಷೆಯ ಸುದ್ದಿ ಹಾಕುವಾಗ ಕೇಳಿದವರ ಸಂಖ್ಯೆ, ದಿನಾಂಕ, ರಾಜ್ಯ, ಕೇಳಿದ್ದು ನೋಂದಾಯಿತರನ್ನೋ ಮತ ಹಾಕುವ ಸಾಧ್ಯತೆ ಇರುವವರನ್ನೋ ಎಂಬುದನ್ನು ಒಂದೇ ಸಾಲಿನಲ್ಲಿ ಕೊಡಿ. 600 ಮಂದಿಯದ್ದಾದರೆ 8 ಅಂಶದೊಳಗಿನ ಅಂತರಕ್ಕೆ ‘ಸಮಬಲ’ ಎಂದು ತಲೆಬರಹ ಕೊಟ್ಟರೆ ಸಾಕು.

– ಸಂಖ್ಯಾಶಾಸ್ತ್ರ ಉಪನ್ಯಾಸಕರು, ಬಳ್ಳಾರಿ