ಹೆರಿಗೆ ವಾರ್ಡ್ ಬಿಡುವ ಮುನ್ನ ತಾಯಿಗೂ ಒಂದು ಸೂಜಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ

ಮಾನ್ಯರೇ,

ಮೂವತ್ತೊಂದು ವರ್ಷ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಊರಿನವರ ಬಾಯಲ್ಲಿ ಇಂದಿಗೂ ನರ್ಸಮ್ಮ. ಎಷ್ಟು ಮಕ್ಕಳಿಗೆ ಲಸಿಕೆ ಹಾಕಿದೆನೋ ಲೆಕ್ಕವಿಲ್ಲ. ಹಾಕದೆ ಹಿಂದಕ್ಕೆ ಕಳಿಸಿದ ಒಬ್ಬ ಹುಡುಗಿಯ ಮುಖ ಮಾತ್ರ ಕಣ್ಣಿನಿಂದ ಮಾಸಿಲ್ಲ. ಅವಳಿಗಾಗಿ ಈ ಪತ್ರ.

2017ರ ಫೆಬ್ರವರಿ. ದಡಾರ-ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನಕ್ಕೆ ನಮ್ಮ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತ್ತು. 9 ತಿಂಗಳು ತುಂಬಿದ ಕೂಸಿನಿಂದ 15 ವರ್ಷದೊಳಗಿನವರವರೆಗೆ ಒಂದು ಮಗುವೂ ತಪ್ಪಬಾರದು ಎಂಬ ಆದೇಶ. ಮೊಬೈಲ್‌ನಲ್ಲಿ ಹರಿದಾಡುತ್ತಿದ್ದ ವದಂತಿಗಳಿಗೆ ಹೆದರಿದ ತಂದೆತಾಯಿಯರನ್ನು ಮನೆಮನೆಗೆ ಹೋಗಿ ಒಪ್ಪಿಸಿದ್ದೆವು. ನಮ್ಮೂರ ಶಾಲೆಯ ಜಗಲಿಯಲ್ಲಿ ಲಸಿಕೆ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದೆ. ಚುಚ್ಚುವುದು ಬಲತೋಳಿಗೆ, ಗುರುತಿನ ಶಾಯಿ ಎಡಗೈ ಹೆಬ್ಬೆರಳಿಗೆ. ಏಳನೇ ತರಗತಿಯ ಹುಡುಗಿಯೊಬ್ಬಳು ಅಳುತ್ತ ನಿಂತಿದ್ದಳು. ಅವಳ ಕೈ ಹಿಡಿದುಕೊಂಡು ಬಂದದ್ದು ಮೊದಲ ಪಿಯುಸಿ ಓದುತ್ತಿದ್ದ ಅಕ್ಕ. ತಂಗಿಗೆ ಧೈರ್ಯ ಬರಲೆಂದು ತಾನೇ ತೋಳು ಚಾಚಿ, "ನರ್ಸಮ್ಮ, ಮೊದಲು ನನಗೆ ಹಾಕಿ" ಎಂದಳು. "ನಿನಗೆ ವಯಸ್ಸು ಮೀರಿದೆಯಮ್ಮ, ಬರೆದುಕೊಳ್ಳುವುದಕ್ಕೆ ಬರುವುದಿಲ್ಲ" ಎಂದೆ. ನಿಯಮದಂತೆಯೇ ನಡೆದುಕೊಂಡೆ. ಸೀಸೆಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಬಳಸುವಂತಿಲ್ಲ. ಅಂದು ಸಂಜೆ ಕೊನೆಯ ಸೀಸೆಯಲ್ಲಿ ಉಳಿದಿದ್ದ ಡೋಸ್‌ಗಳನ್ನು ಲೆಕ್ಕಕ್ಕೆ ಬರೆದು ಎತ್ತಿಟ್ಟೆ.

2020ರಲ್ಲಿ ಆ ಅಕ್ಕನಿಗೆ ಮದುವೆಯಾಯಿತು. ಮರುವರ್ಷ ಬಸುರಿ. ಎರಡನೇ ತಿಂಗಳಲ್ಲಿ ಒಂದು ದಿನ ಸಣ್ಣಗೆ ಜ್ವರ, ಮುಖದಿಂದ ಶುರುವಾಗಿ ಮೈಗೆ ಇಳಿದ ತೆಳುಗೆಂಪು ಗಂಧೆ, ಕಿವಿಯ ಹಿಂದೆ ಒತ್ತಿದರೆ ನೋಯುವ ಗಂಟು. ಮೂರೇ ದಿನಕ್ಕೆ ಎಲ್ಲವೂ ಮಾಯ. ಮನೆಯವರು ಉಷ್ಣವೆಂದು ಎಳನೀರು ಕುಡಿಸಿದರು. ಕೊರೊನಾ ಅಲ್ಲವಲ್ಲ ಎಂಬುದೇ ಆಗ ಎಲ್ಲರಿಗೂ ಸಮಾಧಾನ. ತಾಯಿ ಕಾರ್ಡ್‌ನಲ್ಲಿ ಇದರ ಒಂದಕ್ಷರವೂ ಇಲ್ಲ. ನನಗೂ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೆಣ್ಣುಮಗು ಹುಟ್ಟಿತು, ಎರಡು ಕಿಲೋ ಕೂಡ ತೂಗಲಿಲ್ಲ. ಬಾಣಂತನದ ಮನೆಗೆ ನೋಡಲು ಹೋದಾಗ ಅಜ್ಜಿ ಮಗುವಿಗೆ ಎಣ್ಣೆ ಹಚ್ಚಿ ಕಾಲಮೇಲೆ ಮಲಗಿಸಿಕೊಂಡಿದ್ದರು. ಬಚ್ಚಲೊಲೆಯ ಬೆಳಕು ಮುಖಕ್ಕೆ ಬಿದ್ದಾಗ ನೋಡಿದೆ. ಎರಡೂ ಕಣ್ಣಿನ ಪಾಪೆಯ ಜಾಗದಲ್ಲಿ ಕಪ್ಪಿರಲಿಲ್ಲ, ಹಾಲಿನ ಕೆನೆಯಂಥ ಬಿಳುಪಿತ್ತು. ದೊಡ್ಡಾಸ್ಪತ್ರೆಗೆ ಹೋದ ಮೇಲೆ ಹೃದಯದಲ್ಲೂ ದೋಷವಿರುವುದು ಗೊತ್ತಾಯಿತು. ಕಿವಿ ಕೇಳಿಸದೆಂದು ತಿಳಿಯುವಷ್ಟರಲ್ಲಿ ವರ್ಷ ಕಳೆದಿತ್ತು. ಕಣ್ಣು, ಹೃದಯ, ಕಿವಿ ಈ ಮೂರೂ ಹೀಗೆ ಒಟ್ಟಿಗೆ ಕೆಟ್ಟರೆ ವೈದ್ಯರು ಮೊದಲು ಶಂಕಿಸುವುದು ರುಬೆಲ್ಲಾವನ್ನೇ. ಮಗುವಿನ ರಕ್ತಪರೀಕ್ಷೆಯಲ್ಲಿ ಅದೇ ಖಚಿತವಾಯಿತು.

ಇದು ಹೊಸ ಜ್ಞಾನವಲ್ಲ, ಮಾನ್ಯರೇ. 1941ರಲ್ಲೇ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ಪೊರೆಗಣ್ಣಿನೊಂದಿಗೆ ಹುಟ್ಟಿದ 78 ಮಕ್ಕಳ ವಿವರ ಒಟ್ಟುಗೂಡಿಸಿ, ಬಹುತೇಕ ತಾಯಂದಿರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತು ಎಂದು ತೋರಿಸಿದ್ದರು. 1964-65ರಲ್ಲಿ ಅಮೆರಿಕದಲ್ಲಿ ಈ ಸೋಂಕು ಹಬ್ಬಿದಾಗ ಸುಮಾರು 20,000 ಶಿಶುಗಳು ಇದೇ ದೋಷಗಳೊಂದಿಗೆ ಹುಟ್ಟಿದವು. 1969ರಲ್ಲಿ ಅಲ್ಲಿ ಲಸಿಕೆ ಬಂತು. ನಮ್ಮ ಮಕ್ಕಳ ತೋಳಿಗೆ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ತಲುಪಿದ್ದು 48 ವರ್ಷಗಳ ಮೇಲೆ.

ದೊಡ್ಡವರಿಗೆ ಬಂದುಹೋದದ್ದೇ ತಿಳಿಯದಷ್ಟು ಸೌಮ್ಯ ಕಾಯಿಲೆ ಇದು. ಗರ್ಭದ ಕೂಸಿಗೆ ಮಾತ್ರ ಘೋರ. ಬಸುರಿನ ಆರಂಭದ ವಾರಗಳಲ್ಲಿ ತಾಯಿಗೆ ತಗುಲಿದರೆ ಅದು ಭ್ರೂಣಕ್ಕೆ ದಾಟುವ ಸಾಧ್ಯತೆ ಶೇ 90ರಷ್ಟಿದೆ. ಕಣ್ಣು, ಕಿವಿ, ಹೃದಯ ರೂಪುಗೊಳ್ಳುವ ಕಾಲವೇ ಅದು. ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಒಮ್ಮೆ ತಗುಲಿದ ಮೇಲೆ ಕೂಸನ್ನು ಕಾಪಾಡುವ ಔಷಧಿಯಿಲ್ಲ. ಬಸುರಿಯರಿಗೆ ಈ ಲಸಿಕೆಯನ್ನು ಕೊಡುವಂತೆಯೂ ಇಲ್ಲ. ಏನು ಮಾಡಿದರೂ ಬಸುರಾಗುವ ಮೊದಲೇ ಮಾಡಬೇಕು.

ನಾನು ಹೇಳಬೇಕಾದದ್ದು ಇಲ್ಲಿದೆ. 2017ರ ಫೆಬ್ರವರಿಗೆ 15 ವರ್ಷ ತುಂಬಿದ್ದವರೆಂದರೆ 2002ರ ಆರಂಭಕ್ಕೆ ಮೊದಲು ಹುಟ್ಟಿದವರು. ಅವರು ಹಸುಗೂಸಾಗಿದ್ದಾಗ ನಮ್ಮ ಸರ್ಕಾರಿ ಲಸಿಕೆಯಲ್ಲಿ ದಡಾರ ಮಾತ್ರ ಇತ್ತು, ರುಬೆಲ್ಲಾ ಇರಲಿಲ್ಲ. ಅಭಿಯಾನ ಬಂದಾಗ ವಯಸ್ಸು ಮೀರಿತ್ತು. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಲಸಿಕೆ) ಹಾಕಿಸಿಕೊಂಡವರನ್ನು ಬಿಟ್ಟರೆ ಉಳಿದವರಿಗೆ ಎರಡೂ ಬಾಗಿಲು ಮುಚ್ಚಿದ್ದವು. ಇಂದು ನಮ್ಮ ಹೆರಿಗೆ ವಾರ್ಡ್‌ಗಳಲ್ಲಿ ಮಲಗಿರುವವರಲ್ಲಿ ಇವರು ಎಷ್ಟೋ ಮಂದಿ. ಬಾಲ್ಯದಲ್ಲೇ ಸೋಂಕು ಬಂದುಹೋಗಿ ಹೆಚ್ಚಿನವರಿಗೆ ರಕ್ಷಣೆ ತಾನಾಗಿ ದಕ್ಕಿದೆ, ನಿಜ. ಮಕ್ಕಳಿಗೆ ಲಸಿಕೆ ಹಾಕಿದಂತೆ ವೈರಸ್ಸಿನ ಓಡಾಟ ಕಡಿಮೆಯಾಗಿ ಉಳಿದವರಿಗೂ ಅದರ ನೆರಳು ಸಿಗುತ್ತದೆ, ಅದೂ ನಿಜ. ಆದರೆ ಆ ನೆರಳು ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಇಟ್ಟಿಗೆ ಗೂಡಿನ ಶೆಡ್‌ಗಳಲ್ಲಿ, ಕಬ್ಬು ಕಡಿಯಲು ಬಂದವರ ಟೆಂಟ್‌ಗಳಲ್ಲಿ ಲಸಿಕೆ ಬಾಕಿಯಿರುವ ಮಕ್ಕಳನ್ನು ಕೊನೆಯ ವರ್ಷದವರೆಗೂ ಹುಡುಕಿ ಹುಡುಕಿ ಹಾಕಿದವಳು ನಾನು.

ಅಂದು ವಯಸ್ಸು ಮೀರಿ ಲಸಿಕೆ ತಪ್ಪಿದ ಈ ಹೆಂಗಸರಿಗೆ ಅದನ್ನು ಹಾಕಲು ಹೆರಿಗೆ ವಾರ್ಡ್‌ಗಿಂತ ಒಳ್ಳೆಯ ಜಾಗವಿಲ್ಲ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕುತ್ತೇವೆ. ಹುಟ್ಟುವಾಗಲೇ ಆ ಸೋಂಕು ತಾಯಿಯಿಂದ ದಾಟಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿದುಬಿಡುತ್ತದೆ ಎಂಬ ಅರಿವಿನಿಂದಲೇ ಆ ಗಡುವು ಬಂದದ್ದು. ಜೊತೆಗೆ ಬಿಸಿಜಿ, ಪೋಲಿಯೊ ಹನಿ. ಅಂದರೆ ಸಿಸ್ಟರ್ ಟ್ರೇ ಹಿಡಿದು ಆ ಮಂಚದ ಬಳಿಗೆ ಹೇಗೂ ಬರುತ್ತಾರೆ. ಅದೇ ಟ್ರೇನಲ್ಲಿ ತಾಯಿಗೂ ಒಂದು ಡೋಸ್ ದಡಾರ-ರುಬೆಲ್ಲಾ ಇರಲಿ. ಹಾಲೂಡಿಸುವುದಕ್ಕೆ ಇದರಿಂದ ತೊಂದರೆಯಿಲ್ಲ. ಲಸಿಕೆಯಾದ ಮೇಲೆ ಒಂದು ತಿಂಗಳು ಬಸುರಾಗಬಾರದು ಎಂಬ ಎಚ್ಚರಿಕೆಗೆ ಬಾಣಂತಿಯ ಮೊದಲ ತಿಂಗಳಿಗಿಂತ ಸುರಕ್ಷಿತ ಸಮಯ ಇನ್ನಾವುದಿದೆ? ಮೊದಲ ಮಗುವಿಗೆ ಇದರಿಂದ ಉಪಯೋಗವಿಲ್ಲದಿರಬಹುದು, ಮುಂದಿನ ಮಗುವಿಗಿದೆ.

ಚೊಚ್ಚಲ ಬಸುರಿಗೆ ಮೊದಲೇ ಲಸಿಕೆ ಕೊಡುವ ದಾರಿಯೂ ಬೇಕು. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಸಿಬ್ಬಂದಿ, ನಲಿಕಲಿ ತರಗತಿಯ ಶಿಕ್ಷಕಿಯರು ದಿನವಿಡೀ ಮಕ್ಕಳ ನಡುವೆಯೇ ಇರುವವರು. ಅವರಿಂದ ಆರಂಭಿಸಿ. ಹೊಸದಾಗಿ ಮದುವೆಯಾಗಿ ಬಂದವರ ಮಾಹಿತಿ ಆಶಾಗಳ ಪುಸ್ತಕದಲ್ಲಿ ಇರುತ್ತದೆ.

ಲಸಿಕೆಯ ವೇಳಾಪಟ್ಟಿ ನಿಗದಿಯಾಗುವುದು ದೆಹಲಿಯಲ್ಲಿ ಎಂದು ಅಧಿಕಾರಿಗಳು ಹೇಳಬಹುದು. ರಾಷ್ಟ್ರೀಯ ಕಾರ್ಯಕ್ರಮ ಬರುವ ಮೊದಲೇ ದೆಹಲಿ, ಗೋವಾ ಸರ್ಕಾರಗಳು ತಮ್ಮ ಮಕ್ಕಳಿಗೆ ಎಂಎಂಆರ್ ಕೊಡುತ್ತಿದ್ದವಲ್ಲ? ಶ್ರೀಲಂಕಾವನ್ನೂ ನೋಡಿ. 1996ರಲ್ಲಿ ಆ ಪುಟ್ಟ ದೇಶ ರುಬೆಲ್ಲಾ ಲಸಿಕೆ ತಂದಾಗ ಹೆರುವ ವಯಸ್ಸಿನ ಹೆಂಗಸರನ್ನೂ ಮರೆಯಲಿಲ್ಲ, 16ರಿಂದ 44 ವರ್ಷದವರಿಗೂ ಕೊಟ್ಟಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಲ್ಲಿ ರುಬೆಲ್ಲಾ ನಿರ್ಮೂಲನೆಯಾಗಿದೆ ಎಂದು ಘೋಷಿಸಿತು. ನಮ್ಮ ದೇಶ 2023ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು 2026ಕ್ಕೆ ಮುಂದೂಡಿದೆ.

ಇನ್ನೆರಡು ಸಣ್ಣ ಕೋರಿಕೆ. ತಾಯಿ ಕಾರ್ಡ್‌ನಲ್ಲಿ ಒಂದು ಸಾಲು ಸೇರಿಸಿ: "ಈ ಬಸುರಿನಲ್ಲಿ ಜ್ವರ, ಗಂಧೆ ಬಂದಿತ್ತೇ? ಯಾವ ವಾರದಲ್ಲಿ?" ಅದನ್ನು ಬಾಯಿಬಿಟ್ಟು ಕೇಳುವಂತೆ ನಮ್ಮ ಹುಡುಗಿಯರಿಗೆ ತರಬೇತಿ ಕೊಡಿಸಿ. ಎರಡನೆಯದು, ಹುಟ್ಟಿದ ಪ್ರತಿ ಮಗುವಿನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಕಿವಿಯ ತಪಾಸಣೆ ಮಾಡಿಯೇ ಮನೆಗೆ ಕಳಿಸುವಂತಾಗಲಿ. ಪೊರೆಯ ಶಸ್ತ್ರಚಿಕಿತ್ಸೆ ಮೊದಲ ವಾರಗಳಲ್ಲೇ ಆದರೆ ನೋಟ ಕಲಿಯುವ ಅವಕಾಶ ಹೆಚ್ಚು. ಇಂಥ ಮಕ್ಕಳ ಮೈಯಿಂದ ವರ್ಷದವರೆಗೂ ವೈರಸ್ ಹೊರಬೀಳುತ್ತಿರಬಹುದು, ಎತ್ತಿ ಮುದ್ದಾಡುವ ಬಸುರಿಯರಿಗೂ ಅಪಾಯವಿದೆ. ಗುರುತಿಸುವುದು ತಡವಾದಷ್ಟೂ ನಷ್ಟ ಒಂದೇ ಮನೆಗೆ ನಿಲ್ಲುವುದಿಲ್ಲ.

ಆ ಮಗು ಈಗ ಅಂಗನವಾಡಿಗೆ ಹೋಗುತ್ತಾಳೆ. ದಪ್ಪ ಗಾಜಿನ ಕನ್ನಡಕ, ಕಿವಿಗೆ ಯಂತ್ರ. ನನ್ನನ್ನು ಕಂಡರೆ ಸೆರಗು ಹಿಡಿದು ಕನ್ನಡಕ ನನ್ನ ಕೈಗೆ ತಾಗುವಷ್ಟು ಹತ್ತಿರ ಬಂದು ಬಳೆ ನೋಡುತ್ತಾಳೆ. ಅಂದು ಶಾಲೆಯ ಜಗಲಿಯಲ್ಲಿ ಅಳುತ್ತ ಲಸಿಕೆ ಹಾಕಿಸಿಕೊಂಡ ತಂಗಿಗೂ ಮದುವೆಯಾಗಿದೆ, ಈಗ ಮೂರು ತಿಂಗಳ ಬಸುರಿ. ಮೊನ್ನೆ ಅವರಮ್ಮ ನನ್ನನ್ನು ತಡೆದು ಕೇಳಿದ್ದು ಒಂದೇ ಮಾತು: "ನರ್ಸಮ್ಮ, ಚಿಕ್ಕವಳಿಗೆ ಅವತ್ತು ಹಾಕಿದ್ದಿರಿ ಅಲ್ಲವೇ?" ಹಾಕಿದ್ದೆ ಎಂದೆ. ದೊಡ್ಡವಳು ಅಲ್ಲೇ ಬಾಗಿಲ ಬಳಿ ನಿಂತಿದ್ದಳು.

ಸುತ್ತೋಲೆಗಾಗಿ ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ